ತೋಟದ ಮನೆಗೆ ಬರುವ ಪೇಟೆಯ ನಾಯಿ

(ಕೈಬಿಟ್ಟ ಜಾತಿನಾಯಿಗಳ ತಾತ್ಕಾಲಿಕ ಪಾಲನೆ ಮತ್ತು ಮರುನೆಲೆಯನ್ನು ಕುರಿತ ಭಾಷಣದ ಪಾಠ)



ಬೆಳ್ತಂಗಡಿ ತಾಲೂಕಿನ ಅಳದಂಗಡಿಯ ಸುತ್ತುಮುತ್ತ ನಾಯಿಯಿಲ್ಲದ ತೋಟದ ಮನೆ ಅಪರೂಪ. ಇಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಅಡಿಕೆ ತೋಟ, ಗುಡ್ಡ, ರಬ್ಬರ್ ತೋಟಗಳಿರುತ್ತವೆ. ರಾತ್ರಿ ಅಂಗಳಕ್ಕೆ ಯಾರಾದರೂ ಕಾಲಿಟ್ಟರೆ ಮೊದಲು ತಿಳಿಸುವುದು ನಾಯಿ. ಹಗಲು ಮಂಗಗಳನ್ನು ಬೆದರಿಸುವುದು, ರಾತ್ರಿ ಹಂದಿ ಗದ್ದೆಗೆ ಇಳಿದಾಗ ಬೊಗಳಿ ಎಚ್ಚರಿಸುವುದು ಅದರ ಕೆಲಸ. ಈ ಕೆಲಸವನ್ನು ಲಾಗಾಯ್ತಿನಿಂದ ಮಾಡಿಕೊಂಡು ಬಂದಿರುವುದು ಊರ ನಾಯಿ. ಸಣ್ಣ ಕೂದಲು, ಹದವಾದ ಮೈಕಟ್ಟು. ಇಲ್ಲಿನ ಸೆಕೆಗೂ ಮಳೆಗೂ ಅದು ಒಗ್ಗಿಕೊಂಡಿದೆ.

ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ನಾಯಿಯೂ ತೋಟದ ಮನೆಗಳಿಗೆ ಬರುತ್ತಿದೆ. ಅದು ಪೇಟೆಯವರು ಸಾವಿರಾರು ರೂಪಾಯಿ ಕೊಟ್ಟು ಕೊಂಡು, ಬಳಿಕ ಸಾಕಲಾರದೆ ಕೈಬಿಟ್ಟ ಜಾತಿನಾಯಿ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಫ್ಲ್ಯಾಟಿನಲ್ಲಿರುವ ಮಗ ಊರಿಗೆ ಫೋನು ಮಾಡುತ್ತಾನೆ ಎಂದಿಟ್ಟುಕೊಳ್ಳಿ: "ಅಪ್ಪಾ, ಇಲ್ಲಿ ನೋಡಿಕೊಳ್ಳಲಿಕ್ಕೆ ಆಗುವುದಿಲ್ಲ. ಅಲ್ಲಿ ತೋಟ ಉಂಟಲ್ಲ, ಓಡಾಡಿಕೊಂಡು ಇರಲಿ." ಅಪ್ಪ ಒಪ್ಪುತ್ತಾರೆ. ಮುಂದಿನ ಭಾನುವಾರ ಕಾರಿನಿಂದ ನಲವತ್ತು ಕಿಲೋ ತೂಕದ ನಾಯಿಯೊಂದು ಅಂಗಳಕ್ಕೆ ಇಳಿಯುತ್ತದೆ. ಅದಕ್ಕೆ ಯಾವ ಲಸಿಕೆ ಆಗಿದೆ, ಅದು ಏನು ತಿನ್ನುತ್ತದೆ, ಯಾರನ್ನು ಕಂಡರೆ ಹೆದರುತ್ತದೆ ಎಂಬುದನ್ನು ಯಾರೂ ಕೇಳಿರುವುದಿಲ್ಲ.

ಇಂತಹ ನಾಯಿಗೆ ಆಸರೆ ಕೊಡುವುದು ಒಳ್ಳೆಯ ಕೆಲಸವೇ. ಆದರೆ ಕೊಡುವವರ ಕೈಯಿಂದ ಸಾಕುವವರ ಕೈಗೆ ನಾಯಿ ನೇರವಾಗಿ ಹೋಗಬಾರದು. ನಡುವೆ ಕನಿಷ್ಠ ನಾಲ್ಕು ವಾರಗಳ ತಾತ್ಕಾಲಿಕ ಪಾಲನೆ ಆಗಬೇಕು. ಅದು ಏಕೆ ಬೇಕು, ಹೇಗೆ ನಡೆಸಬೇಕು ಎಂಬುದನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ಹೊಸ ಹಸುವಿನ ನಿಯಮವೇ ನಾಯಿಗೂ

ಸಂತೆಯಿಂದ ಹಸು ತಂದ ರೈತ ಅದನ್ನು ಅಂದೇ ಹಟ್ಟಿಯ ಉಳಿದ ದನಗಳ ಪಕ್ಕದಲ್ಲಿ ಕಟ್ಟುವುದಿಲ್ಲ. ಬೇರೆ ಕಡೆ ಕಟ್ಟಿ, ಮೇವು ತಿನ್ನುತ್ತದೆಯೇ, ಸಗಣಿ ಸರಿಯಿದೆಯೇ, ಹಾಯುತ್ತದೆಯೇ ಎಂದು ಕೆಲವು ದಿನ ನೋಡುತ್ತಾನೆ. ನಾಯಿಯ ತಾತ್ಕಾಲಿಕ ಪಾಲನೆ ಎಂದರೆ ಇದೇ ಜಾಗರೂಕತೆ. ಕೈಬಿಟ್ಟ ನಾಯಿಯನ್ನು ಒಂದು ಮನೆಯವರು ಸ್ವಲ್ಪ ಕಾಲಕ್ಕೆಂದು ಇಟ್ಟುಕೊಂಡು, ಅದರ ಆರೋಗ್ಯ ಸರಿಪಡಿಸಿ, ಸ್ವಭಾವ ಅರಿತು, ತಕ್ಕ ಮನೆಗೆ ಒಪ್ಪಿಸುತ್ತಾರೆ. ಯೂರೋಪು ಅಮೆರಿಕಗಳಲ್ಲಿ ಅನೇಕ ಜಾತಿನಾಯಿಗಳ ಸಂಘದವರು ಇಂತಹ ಪಾಲಕ ಮನೆಗಳನ್ನು ಗೊತ್ತುಮಾಡಿಕೊಂಡಿರುತ್ತಾರೆ. ಕರ್ನಾಟಕದಲ್ಲಿಯೂ ಈ ಕೆಲಸ ಹೊಸತಲ್ಲ. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾ ಸಂಸ್ಥೆಯು ಕೈಬಿಟ್ಟ ಜಾತಿನಾಯಿಗಳಿಗೆ ಹೊಸ ಮನೆ ಹುಡುಕುವುದಕ್ಕಾಗಿಯೇ ಪ್ರತ್ಯೇಕ ಕೇಂದ್ರವನ್ನು ನಡೆಸಿದೆ. ಮಂಗಳೂರಿನ ಶಕ್ತಿನಗರದ ಆನಿಮಲ್ ಕೇರ್ ಟ್ರಸ್ಟ್ ಗಾಯಗೊಂಡ, ದಿಕ್ಕಿಲ್ಲದ ಪ್ರಾಣಿಗಳಿಗೆ ಆಶ್ರಯ ನೀಡುತ್ತ ಬಂದಿದೆ. ಆದರೆ ಆಶ್ರಯ ಕೇಂದ್ರಗಳಲ್ಲಿ ಸ್ಥಳ ಕಡಿಮೆ, ಬರುವ ಪ್ರಾಣಿಗಳು ಹೆಚ್ಚು. ಆದುದರಿಂದ ಹಳ್ಳಿಗಳಲ್ಲಿ ಪಾಲಕ ಮನೆಗಳು ಸಿದ್ಧವಾದರೆ ಬಹಳ ಅನುಕೂಲ.

ಶೀತದೇಶದ ನಾಯಿ, ಕರಾವಳಿಯ ಸೆಕೆ

ಕೈಬಿಟ್ಟ ನಾಯಿಗಳಲ್ಲಿ ಹೆಚ್ಚು ಕಷ್ಟಕ್ಕೆ ಸಿಲುಕುವುದು ದಪ್ಪ ಕೂದಲಿನ ಶೀತದೇಶದ ತಳಿಗಳು. ಸೈಂಟ್ ಬರ್ನಾರ್ಡ್, ಹಸ್ಕಿ, ಬರ್ನೀಸ್ ಮೌಂಟನ್ ಡಾಗ್ ಮುಂತಾದವು ಈ ಗುಂಪಿಗೆ ಸೇರುತ್ತವೆ.

ಬರ್ನೀಸ್ ನಾಯಿಯ ಉದಾಹರಣೆಯನ್ನೇ ನೋಡಬಹುದು. ಅದೂ ಮೂಲತಃ ರೈತನ ನಾಯಿ. ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತದ ರೈತರು ಅದನ್ನು ದನ ಅಟ್ಟಲು, ಮನೆ ಕಾಯಲು, ಹಾಲಿನ ಕ್ಯಾನುಗಳನ್ನಿಟ್ಟ ಸಣ್ಣ ಗಾಡಿಯನ್ನು ಚೀಸ್ ತಯಾರಿಸುವಲ್ಲಿಗೆ ಎಳೆಯಲು ಬಳಸುತ್ತಿದ್ದರು. ತಳಿ ನಶಿಸುವ ಹಂತಕ್ಕೆ ಬಂದಾಗ 1907ರಲ್ಲಿ ಅದರ ಸಂರಕ್ಷಣೆಗೆ ಸಂಘವೊಂದು ಹುಟ್ಟಿತು. ಜ್ಯೂರಿಚ್‌ನ ಭೂವಿಜ್ಞಾನಿ ಆಲ್ಬರ್ಟ್ ಹೈಮ್ ಈ ಕೆಲಸಕ್ಕೆ ಒತ್ತಾಸೆಯಾಗಿ ನಿಂತರು. ಗಂಡು ನಾಯಿ 64ರಿಂದ 70 ಸೆಂ.ಮೀ. ಎತ್ತರವಿರುತ್ತದೆ, 40 ಕಿಲೋ ಮೀರಿ ತೂಗುವುದೂ ಸಾಮಾನ್ಯ. ಮೈಮೇಲೆ ಕಪ್ಪು, ಕಂದು, ಬಿಳಿ ಬಣ್ಣ. ಸ್ವಭಾವ ಸೌಮ್ಯ, ಜನರನ್ನು ಬಿಟ್ಟು ಒಂಟಿಯಾಗಿರಲಾರದು. ಆಯುಸ್ಸು ಕಡಿಮೆ, ಸಾಮಾನ್ಯವಾಗಿ 7–8 ವರ್ಷ. ಕ್ಯಾನ್ಸರ್ ಮತ್ತು ಸೊಂಟದ ಕೀಲಿನ ತೊಂದರೆ ಈ ತಳಿಯಲ್ಲಿ ಹೆಚ್ಚು.

ಬರ್ನ್ ನಗರದಲ್ಲಿ ಜನವರಿಯ ಸರಾಸರಿ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಅಲ್ಲಿನ ಕಡುಬೇಸಿಗೆಯಾದ ಜುಲೈಯಲ್ಲಿಯೂ ಸರಾಸರಿ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ಅಳದಂಗಡಿಯಲ್ಲಿ ಏಪ್ರಿಲ್ ಮೇ ತಿಂಗಳ ಹಗಲು 33–35 ಡಿಗ್ರಿ ಮುಟ್ಟುತ್ತದೆ. ಜತೆಗೆ ಗಾಳಿಯಲ್ಲಿ ತೇವ. ನಾಯಿಯ ಮೈ ಮನುಷ್ಯನ ಮೈಯಂತೆ ಬೆವರುವುದಿಲ್ಲ. ಅದು ನಾಲಗೆ ಚಾಚಿ ಏದುತ್ತಾ, ಬಾಯಿಯ ತೇವ ಆರುವಾಗ ಮೈಯ ಕಾವನ್ನು ಹೊರಹಾಕುತ್ತದೆ. ಗಾಳಿಯಲ್ಲಿಯೇ ತೇವ ತುಂಬಿದ್ದರೆ ಬಾಯಿಯ ತೇವ ಬೇಗ ಆರುವುದಿಲ್ಲ. ನಾಯಿ ಎಷ್ಟು ಏದಿದರೂ ಮೈ ತಣಿಯುವುದಿಲ್ಲ. ಹೀಗಾಗಿ 35 ಡಿಗ್ರಿಯ ಒಣ ಬಯಲುಸೀಮೆಗಿಂತ ಕರಾವಳಿಯ ಸೆಕೆ ಇಂತಹ ನಾಯಿಗೆ ಹೆಚ್ಚು ಅಪಾಯಕಾರಿ. ತೋಟದಲ್ಲಿ ಜಾಗವಿದೆ ಎಂಬ ಒಂದೇ ಕಾರಣಕ್ಕೆ ಬರ್ನೀಸ್ ನಾಯಿಗೆ ಅಳದಂಗಡಿ ತಕ್ಕ ಊರಾಗುವುದಿಲ್ಲ.

ಹಾಗೆಂದು ಆಗಲೇ ಬಂದಿಳಿದ ನಾಯಿಯನ್ನು ದಾರಿಯಲ್ಲಿ ಬಿಡಲಾಗದು. ಕೊಡಗು, ಚಿಕ್ಕಮಗಳೂರಿನ ಮೇಲ್ಘಟ್ಟದಂತಹ ತಂಪು ಪ್ರದೇಶದಲ್ಲಿ ಅಥವಾ ಹಗಲು ತಂಪಾಗಿರುವ ಕೋಣೆಯುಳ್ಳ ಮನೆಯಲ್ಲಿ ಅದಕ್ಕೆ ನೆಲೆ ಹುಡುಕಬೇಕು. ಅಲ್ಲಿಯವರೆಗೆ ಈ ಕ್ರಮಗಳನ್ನು ಅನುಸರಿಸಬೇಕು:

1. ತಗಡಿನ ಮಾಡಿನ ಕೆಳಗೆ ಕಟ್ಟಬಾರದು. ಹಂಚಿನ ಮಾಡಿನ ಜಗಲಿ, ಸಿಮೆಂಟಿನ ತಣ್ಣನೆಯ ನೆಲ, ಗಾಳಿಯಾಡುವ ಸ್ಥಳ ಉತ್ತಮ. ವಿದ್ಯುತ್ ಫ್ಯಾನ್ ಇದ್ದರೆ ಇನ್ನೂ ಒಳ್ಳೆಯದು.

2. ಶುದ್ಧ ನೀರು ಸದಾ ಇರಬೇಕು. ಹೊರಗೆ ನಡೆಸುವುದು ಬೆಳಿಗ್ಗೆ ಏಳರೊಳಗೆ ಮತ್ತು ಸೂರ್ಯ ಮುಳುಗಿದ ಮೇಲೆ ಮಾತ್ರ.

3. ಸೆಕೆಯೆಂದು ಕೂದಲನ್ನು ಚರ್ಮದವರೆಗೆ ಬೋಳಿಸಬಾರದು. ಎರಡು ಪದರದ ಆ ಕೂದಲು ಬಿಸಿಲಿನಿಂದ ಚರ್ಮವನ್ನು ಕಾಯುತ್ತದೆ. ದಿನವೂ ಬಾಚಿ ಒಳಪದರದ ಸತ್ತ ಕೂದಲನ್ನು ತೆಗೆದರೆ ಸಾಕು.

4. ಮಳೆಗಾಲದಲ್ಲಿ ನೆನೆದ ಮೈಯನ್ನು ಹಾಗೆಯೇ ಬಿಡಬಾರದು. ಇಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನ ಮಳೆ. ದಪ್ಪ ಕೂದಲಿನ ಬುಡದಲ್ಲಿ ತೇವ ನಿಂತರೆ ಚರ್ಮ ಕೊಳೆತು ಹುಣ್ಣಾಗುತ್ತದೆ. ಒಣ ಬಟ್ಟೆಯಿಂದ ಬುಡದವರೆಗೆ ಒರೆಸಬೇಕು.

ನಾಯಿಯ ಸಹಜ ಮೈಕಾವು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ಡಿಗ್ರಿ ಮೀರಿದರೆ ಪ್ರಾಣಾಪಾಯ. ಬಿಡದೆ ಏದುವುದು, ದಪ್ಪ ಜೊಲ್ಲು, ಒಸಡು ಕೆಂಪಗಾಗುವುದು, ತೂರಾಡುವುದು ಇದರ ಲಕ್ಷಣ. ಕೂಡಲೇ ನೆರಳಿಗೆ ತಂದು ಮೈಮೇಲೆಲ್ಲ ತಣ್ಣೀರು ಸುರಿದು, ಗಾಳಿ ಬೀಸಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಒದ್ದೆ ಗೋಣಿಯನ್ನು ಹೊದಿಸಿ ಬಿಡಬಾರದು. ಅದು ಕಾವನ್ನು ಒಳಗೇ ತಡೆಯುತ್ತದೆ. ಪ್ರಜ್ಞೆಯಿಲ್ಲದ ನಾಯಿಯ ಬಾಯಿಗೆ ನೀರು ಹೊಯ್ಯಬಾರದು.

ತಾತ್ಕಾಲಿಕ ಪಾಲನೆಯ ನಾಲ್ಕು ವಾರ

ನಾಯಿ ಯಾವ ತಳಿಯದೇ ಇರಲಿ, ಪಾಲನೆಯ ಕ್ರಮ ಒಂದೇ.

ಮೊದಲ ದಿನ: ಕೊಡುವವರು ಗೊತ್ತಿದ್ದರೆ ಲಸಿಕೆಯ ಕಾರ್ಡು, ಔಷಧದ ಚೀಟಿ, ತಿನ್ನುತ್ತಿದ್ದ ಆಹಾರದ ವಿವರ, ಕೊಡುವ ಕಾರಣ ಇವನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. "ಕಚ್ಚಿದ್ದುಂಟೇ?" ಎಂದು ನೇರವಾಗಿ ಕೇಳಲು ಸಂಕೋಚ ಪಡಬಾರದು. ರಸ್ತೆಯಲ್ಲಿ ಸಿಕ್ಕಿದ ನಾಯಿಯಾದರೆ ಅದು ಕೈಬಿಟ್ಟದ್ದೋ ತಪ್ಪಿಸಿಕೊಂಡದ್ದೋ ತಿಳಿಯದು. ಕೊರಳಪಟ್ಟಿ ನೋಡಿ, ಗ್ರಾಮ ಪಂಚಾಯತಿಗೂ ಪೊಲೀಸ್ ಠಾಣೆಗೂ ತಿಳಿಸಿ, ಚಿತ್ರ ತೆಗೆದು ಸುತ್ತಲಿನವರಲ್ಲಿ ವಿಚಾರಿಸಬೇಕು. ಯಾರೋ ಅಳುತ್ತಾ ಹುಡುಕುತ್ತಿರುವ ನಾಯಿಯನ್ನು ಇನ್ನೊಬ್ಬರಿಗೆ ದಾನ ಕೊಟ್ಟಂತೆ ಆಗಬಾರದು.

ಮೊದಲ ವಾರ: ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮನೆಯ ನಾಯಿ ಬೆಕ್ಕುಗಳಿಂದ ಕನಿಷ್ಠ 14 ದಿನ ಬೇರೆಯೇ ಇಡಬೇಕು. ಊಟದ ತಟ್ಟೆಯೂ ಬೇರೆ. ನಾಯಿಮರಿಗಳನ್ನು ಕೊಲ್ಲುವ ಪಾರ್ವೊ, ಡಿಸ್ಟೆಂಪರ್ ರೋಗಗಳು ಈ ಅವಧಿಯಲ್ಲಿ ಸಾಮಾನ್ಯವಾಗಿ ಹೊರಗೆ ಕಾಣಿಸಿಕೊಳ್ಳುತ್ತವೆ. ಮೊದಲ ಮೂರು ನಾಲ್ಕು ದಿನ ನೆಂಟರಿಷ್ಟರು ನೋಡಲು ಬರುವುದು, ಮಕ್ಕಳು ಮುದ್ದಿಸುವುದು, ಸ್ನಾನ ಮಾಡಿಸುವುದು ಬೇಡ. ಮನೆ ಕಳೆದುಕೊಂಡ ನಾಯಿ ಹೆದರಿರುತ್ತದೆ. ಹೆದರಿದ ನಾಯಿಯೇ ಕಚ್ಚುವುದು. ಉಣ್ಣುವಾಗ, ಮಲಗಿದಾಗ ಅದನ್ನು ಮುಟ್ಟಬಾರದು.

ಎರಡನೆಯ ಮತ್ತು ಮೂರನೆಯ ವಾರ: ವೈದ್ಯರು ಹೇಳಿದಂತೆ ಲಸಿಕೆ, ಜಂತುಹುಳದ ಔಷಧ, ಉಣ್ಣಿಗೆ (ಉಣುಗು) ಚಿಕಿತ್ಸೆ ನಡೆಯಬೇಕು. ಲಸಿಕೆಯಲ್ಲಿ ಇಲಿಜ್ವರದ ರಕ್ಷಣೆಯೂ ಸೇರಿರುವಂತೆ ನೋಡಿಕೊಳ್ಳಬೇಕು. ಗದ್ದೆ ತೋಟಗಳ ನಿಂತ ನೀರಿನ ಪ್ರದೇಶದಲ್ಲಿ ಇದು ಮುಖ್ಯ. ಉಣ್ಣಿ ಹೆಚ್ಚಾಗಿದೆಯೆಂದು ದನಕ್ಕೆ ಬಳಸುವ ಔಷಧವನ್ನೋ ಬೆಳೆಯ ಕೀಟನಾಶಕವನ್ನೋ ಅಂದಾಜಿನಲ್ಲಿ ಬೆರೆಸಿ ನಾಯಿಯ ಮೈಗೆ ಹಚ್ಚುವುದು ಅಪಾಯ. ಜ್ವರ, ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು ಕಂಡರೆ ಉಣ್ಣಿಯಿಂದ ಬರುವ ರಕ್ತದ ಕಾಯಿಲೆಯ ಶಂಕೆಯಿಂದ ರಕ್ತಪರೀಕ್ಷೆ ಮಾಡಿಸಬೇಕು.

ಇದೇ ಅವಧಿಯಲ್ಲಿ ಸ್ವಭಾವವನ್ನು ಗಮನಿಸಿ ಬರೆದಿಡಬೇಕು. ದನವನ್ನು ಕಂಡು ಅಟ್ಟುತ್ತದೆಯೇ? ಕೋಳಿಯ ಮೇಲೆ ಹಾರುತ್ತದೆಯೇ? ಕೊಡೆ, ಹೆಲ್ಮೆಟ್, ಕತ್ತಿ ಹಿಡಿದ ಕೆಲಸದವರನ್ನು ಕಂಡು ಏನು ಮಾಡುತ್ತದೆ? ಪಟಾಕಿಗೆ, ಗುಡುಗಿಗೆ ಓಡುತ್ತದೆಯೇ? ಈ ಪರೀಕ್ಷೆಗಳನ್ನು ಹಗ್ಗ ಕೈಯಲ್ಲಿ ಹಿಡಿದು, ದೂರದಿಂದ ಮಾಡಬೇಕು.

ನಾಲ್ಕನೆಯ ವಾರ: ಮೈಯಲ್ಲಿ ಶಕ್ತಿ ಬಂದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಲೇಸು. ಹೆಣ್ಣುನಾಯಿ ಸುಮಾರು 63 ದಿನಗಳಲ್ಲಿ ಮರಿ ಹಾಕುತ್ತದೆ. ವರ್ಷಕ್ಕೆ ಎರಡು ಬಾರಿ ಬೆದೆಗೆ ಬರಬಲ್ಲದು. ಹೆಣ್ಣುಮರಿಗಳನ್ನು ಗೋಣಿಯಲ್ಲಿ ತುಂಬಿ ಸಂತೆಯ ಬದಿಯಲ್ಲೋ ಮಾರ್ಗದ ತಿರುವಿನಲ್ಲೋ ಬಿಟ್ಟುಬರುವ ಕೆಟ್ಟ ರೂಢಿ ಅನೇಕ ಕಡೆ ಇದೆ. ಒಂದು ನಾಯಿಗೆ ಮನೆ ಹುಡುಕಿ, ಅದರ ಆರು ಮರಿಗಳನ್ನು ಬೀದಿಗೆ ಹಾಕಿದರೆ ಮಾಡಿದ ಉಪಕಾರ ವ್ಯರ್ಥ.

ರೇಬೀಸ್: ಅಲಕ್ಷ್ಯ ಸಲ್ಲದು

ಇತಿಹಾಸ ತಿಳಿಯದ ನಾಯಿಯನ್ನು ಮನೆಗೆ ತರುವಾಗ ಮೊದಲು ನೆನೆಯಬೇಕಾದದ್ದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ರೋಗದ ಲಕ್ಷಣ ಕಾಣಿಸಿದ ಮೇಲೆ ನಾಯಿಯೂ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲವೆಂದೇ ಹೇಳಬೇಕು. ನಾಯಿಗೆ ಸೋಂಕು ತಗಲಿದ ಮೇಲೆ ಲಕ್ಷಣ ತೋರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಆದುದರಿಂದ ಬಂದ ದಿನ ಆರೋಗ್ಯವಾಗಿ ಕಂಡಿತು ಎಂಬುದು ಸಾಕ್ಷಿಯಲ್ಲ. ಲಸಿಕೆ ಹಾಕಿಸಿದ ದಿನವೇ ರಕ್ಷಣೆಯೂ ಬರುವುದಿಲ್ಲ. ಅದಕ್ಕೆ ಕೆಲವು ವಾರ ಬೇಕು. ನಾಲ್ಕು ವಾರಗಳ ಪಾಲನೆ ಅಗತ್ಯವೆಂದು ಹೇಳುವುದಕ್ಕೆ ಇದೂ ಒಂದು ಕಾರಣ. ಆ ಬಳಿಕವೂ ಕೆಲವು ತಿಂಗಳು ಎಚ್ಚರ ಬೇಕು. ಸ್ವಭಾವ ಹಠಾತ್ತನೆ ಬದಲಾದರೆ, ಜೊಲ್ಲು ಸುರಿದು ನುಂಗಲಾರದೆ ಹೋದರೆ, ದನಿ ಒಡೆದರೆ ನಾಯಿಯನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು.

ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಮುಂದೆ ವರ್ಷಕ್ಕೊಮ್ಮೆ. ಲಸಿಕೆಯ ದಾಖಲೆಯಿಲ್ಲದ ದೊಡ್ಡ ನಾಯಿಗೆ ಬಂದ ಕೂಡಲೇ ಹಾಕಿಸಬೇಕು. ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಸುಣ್ಣ, ಅರಸಿನ, ಮೆಣಸಿನ ಪುಡಿ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದ ಗಾಯಕ್ಕೆ ಲಸಿಕೆಯ ಜತೆಗೆ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ಕಚ್ಚಿದ ನಾಯಿಯನ್ನು ಹತ್ತು ದಿನ ನೋಡುವುದು ಸರಿ; ಆದರೆ ಅದನ್ನು ನೋಡುತ್ತಾ ಮನುಷ್ಯನ ಲಸಿಕೆಯನ್ನು ತಡಮಾಡುವುದು ತಪ್ಪು. 2030ರೊಳಗೆ ನಾಯಿಗಳಿಂದ ಹರಡುವ ರೇಬೀಸನ್ನು ತೊಲಗಿಸಬೇಕೆಂಬ ರಾಷ್ಟ್ರೀಯ ಯೋಜನೆ 2021ರಲ್ಲಿ ಪ್ರಕಟವಾಯಿತು. ಪ್ರತಿ ಮನೆಯ ನಾಯಿಗೂ ಲಸಿಕೆ ಆಗದೆ ಅದು ನೆರವೇರದು.

ತೋಟದಲ್ಲಿರುವ ಅಪಾಯಗಳು

ಪೇಟೆಯಲ್ಲಿ ಬೆಳೆದ ನಾಯಿಗೆ ತೋಟದ ಅಪಾಯಗಳು ತಿಳಿಯವು. ಕಟ್ಟೆಯಿಲ್ಲದ ಬಾವಿ ಮತ್ತು ಕೆರೆ, ಅಡಿಕೆಗೆ ಸಿಂಪಡಿಸಲು ಡ್ರಮ್ಮಿನಲ್ಲಿ ಕಲಸಿಟ್ಟ ಬೋರ್ಡೋ ದ್ರಾವಣ, ಇಲಿ ಪಾಷಾಣ, ಬಸವನಹುಳಕ್ಕೆ ಇಟ್ಟ ವಿಷದ ಗುಳಿಗೆ, ಹಂದಿಗೆ ಒಡ್ಡಿದ ಉರುಳು, ಹಾವು ಇವೆಲ್ಲವೂ ಅದಕ್ಕೆ ಹೊಸತು. ಮೊದಲ ತಿಂಗಳು ಹಗ್ಗವಿಲ್ಲದೆ ತೋಟಕ್ಕೆ ಬಿಡಬಾರದು. ಔಷಧದ ಡ್ರಮ್ಮಿಗೆ ಮುಚ್ಚಳ ಬೇಕು. ಕಾಡಂಚಿನ ಮನೆಗಳಲ್ಲಿ ರಾತ್ರಿ ಅಂಗಳದಲ್ಲಿ ಸರಪಳಿಯಿಂದ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ರಾತ್ರಿ ಅದನ್ನು ಬಾಗಿಲಿರುವ ಕೋಣೆಯಲ್ಲೋ ಭದ್ರವಾದ ಗೂಡಿನಲ್ಲೋ ಇಡಬೇಕು.

ಆಹಾರದ ಲೆಕ್ಕವನ್ನೂ ಮೊದಲೇ ಹಾಕಬೇಕು. 40 ಕಿಲೋ ನಾಯಿಗೆ 15 ಕಿಲೋ ತೂಕದ ಊರ ನಾಯಿಯ ಸುಮಾರು ಎರಡು ಪಟ್ಟು ಆಹಾರ ಬೇಕು. ಬರಿಯ ಗಂಜಿ ಅನ್ನದಿಂದ ಅದು ಬಾಳದು. ಮೊಟ್ಟೆ, ಮುಳ್ಳು ತೆಗೆದು ಬೇಯಿಸಿದ ಮೀನು ಅಥವಾ ಮಾಂಸ ಸೇರಬೇಕು. ನೀರುಳ್ಳಿ ಹಾಕಿದ ಸಾರು ಕೊಡಬಾರದು. ಹಿಂದಿನ ಆಹಾರದಿಂದ ಹೊಸ ಆಹಾರಕ್ಕೆ ಒಂದು ವಾರದಲ್ಲಿ ಸ್ವಲ್ಪಸ್ವಲ್ಪವೇ ಬದಲಾಯಿಸಬೇಕು.

ಮರುನೆಲೆಗೆ ಒಪ್ಪಿಸುವಾಗ

ನಾಯಿ ಬೇಕೆಂದವರಿಗೆಲ್ಲ ನಾಯಿ ಕೊಡಲಾಗದು. ನಾಯಿಗೆ ಮನೆ ಹೊಂದುತ್ತದೆಯೇ ಎಂದು ನೋಡಬೇಕು. ಕೋಳಿ, ಆಡು ಸಾಕಿದ ಮನೆಗೆ ಬೇಟೆಯ ಬುದ್ಧಿಯ ನಾಯಿ ಬೇಡ. ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಹಗ್ಗ ಜಗ್ಗಿ ಬೀಳಿಸುವಂತಹ ದೊಡ್ಡ ನಾಯಿ ಬೇಡ. ಚಿಕ್ಕ ಮಕ್ಕಳಿರುವ ಮನೆಗೆ ಹೆದರುಪುಕ್ಕಲು ನಾಯಿ ಬೇಡ. ಒಪ್ಪಿಸುವ ಮುನ್ನ ಪಾಲಕರು ಆ ಮನೆಗೆ ಹೋಗಿ ನೋಡಿಬರಬೇಕು. ಮನೆಯಲ್ಲಿ ಅನ್ನ ಹಾಕುವವರು ಯಾರೋ ಅವರ ಒಪ್ಪಿಗೆ ಮುಖ್ಯ. ಮಗನ ಉತ್ಸಾಹಕ್ಕೆ ತಂದ ನಾಯಿಯ ಚಾಕರಿ ತಾಯಿಯ ಪಾಲಿಗೆ ಬೀಳುವುದೇ ಹೆಚ್ಚು. ಆ ತಾಯಿಯನ್ನು ಕೇಳದೆ ನಾಯಿಯನ್ನು ಒಪ್ಪಿಸಬಾರದು.

ಮೊದಲ ಎರಡು ವಾರವನ್ನು ಪರೀಕ್ಷೆಯ ಕಾಲವೆಂದು ಎರಡೂ ಕಡೆಯವರು ತಿಳಿಯಬೇಕು. ಒಂದು ಚೀಟಿಯಲ್ಲಿ ಈ ಮಾತುಗಳು ಇರಲಿ: ನಾಯಿಯ ಗುರುತು, ಆದ ಲಸಿಕೆಗಳು, ಕಂಡ ದೋಷಗಳು, ವರ್ಷವರ್ಷ ಲಸಿಕೆ ಹಾಕಿಸುವ ಒಪ್ಪಿಗೆ, ಮಾರುವುದಿಲ್ಲ ಮತ್ತು ಮರಿ ಹಾಕಿಸುವುದಿಲ್ಲ ಎಂಬ ಒಪ್ಪಿಗೆ. ಕೊನೆಯದಾಗಿ, ಹೊಂದಿಕೆಯಾಗದಿದ್ದರೆ ಯಾವಾಗ ಬೇಕಾದರೂ ಪಾಲಕರೇ ಹಿಂದಕ್ಕೆ ಪಡೆಯುತ್ತಾರೆ ಎಂಬ ಮಾತು. ಈ ಕೊನೆಯ ಮಾತು ಇಲ್ಲದಿದ್ದರೆ ಹೊಂದಿಕೆಯಾಗದ ನಾಯಿ ಮತ್ತೆ ಮಾರ್ಗದ ಬದಿಗೆ ಹೋಗುತ್ತದೆ. ದೋಷವನ್ನು ಮುಚ್ಚಿಟ್ಟು ನಾಯಿಯನ್ನು ಸಾಗಹಾಕುವುದು ದೊಡ್ಡ ಅನ್ಯಾಯ. ಮಗುವನ್ನು ಕಚ್ಚಿದ ನಾಯಿಯ ವಿಷಯ ಮರೆಮಾಚಿ ಇನ್ನೊಂದು ಮಕ್ಕಳ ಮನೆಗೆ ಕೊಟ್ಟರೆ ಮುಂದಿನ ಅನಾಹುತಕ್ಕೆ ಕೊಟ್ಟವರೇ ಹೊಣೆ.

ಕಾನೂನು ಏನು ಹೇಳುತ್ತದೆ

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ಕೈಬಿಡುವುದು ಅಪರಾಧ. ಮೊದಲ ತಪ್ಪಿಗೆ ಕಾಯ್ದೆಯಲ್ಲಿ ನಿಗದಿಯಾದ ದಂಡ ಹೆಚ್ಚೆಂದರೆ 50 ರೂಪಾಯಿ. ಇಷ್ಟು ಸಣ್ಣ ದಂಡಕ್ಕೆ ಹೆದರಿ ಯಾರೂ ಸುಮ್ಮನಾಗುವುದಿಲ್ಲ. ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡದಿರುವುದೂ ಇದೇ ಕಲಮಿನಲ್ಲಿ ತಪ್ಪೆಂದು ಬರೆದಿದೆ. ಇದು ಅನೇಕರಿಗೆ ತಿಳಿದಿಲ್ಲ.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುನಾಯಿಯ ಲಸಿಕೆ ಮತ್ತು ಸಂತಾನಹರಣ ಒಡೆಯನ ಹೊಣೆ. ಬೀದಿನಾಯಿಗಳದ್ದು ಸ್ಥಳೀಯ ಸಂಸ್ಥೆಯ ಹೊಣೆ. ಬೀದಿನಾಯಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು ನೀಡಿದ ಆದೇಶದಲ್ಲಿ, ಇಷ್ಟವುಳ್ಳವರು ನಗರಸಂಸ್ಥೆಗೆ ಅರ್ಜಿ ಕೊಟ್ಟು ನಾಯಿಯನ್ನು ದತ್ತು ಪಡೆಯಬಹುದು, ಆದರೆ ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರ ಜವಾಬ್ದಾರಿ ಎಂದು ಹೇಳಿತು. ಜಾತಿನಾಯಿಯನ್ನು ತೋಟಕ್ಕೆ ತರುವವರಿಗೂ ಇದೇ ಮಾತು ಅನ್ವಯಿಸಬೇಕು.

ವಿಸ್ತರಣಾ ಕಾರ್ಯಕರ್ತರು ಮಾಡಬಹುದಾದದ್ದು

ಪ್ರತಿ ಗ್ರಾಮದಲ್ಲಿ ಎರಡು ಮೂರು ಪಾಲಕ ಮನೆಗಳನ್ನು ಗುರುತಿಸಿ ಪಟ್ಟಿ ಮಾಡಿದರೆ ಸಾಕು. ಗೇಟಿರುವ ಅಂಗಳ, ಒಂದು ಪ್ರತ್ಯೇಕ ಕೋಣೆ, ಹಗಲು ಮನೆಯಲ್ಲಿರುವ ಒಬ್ಬರು ಹಿರಿಯರು ಇಷ್ಟಿದ್ದರೆ ಆ ಮನೆ ಯೋಗ್ಯ. ಔಷಧ ಆಹಾರಗಳ ಖರ್ಚನ್ನು ಪಾಲಕರೊಬ್ಬರ ಮೇಲೆಯೇ ಹೇರದೆ, ನಾಯಿಯನ್ನು ಕೊಡುವವರಿಂದ ಮೊದಲೇ ಪಡೆಯಬೇಕು. ನಾಯಿಗಾಗಿ ಸಾವಿರಾರು ರೂಪಾಯಿ ಕೊಟ್ಟವರು ಅದರ ಕೊನೆಯ ಲಸಿಕೆಗೆ ಕೈ ಹಿಂದೆಗೆಯುವುದು ಸರಿಯಲ್ಲ. ಸ್ಥಳೀಯ ಪಶು ಆಸ್ಪತ್ರೆಯನ್ನು ಸಂಪರ್ಕದಲ್ಲಿಟ್ಟುಕೊಳ್ಳಬೇಕು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ರಲ್ಲಿಯೂ ವಿಚಾರಿಸಬಹುದು. ರೇಬೀಸ್ ಲಸಿಕೆಯ ಶಿಬಿರ ನಡೆದಾಗ ತಾತ್ಕಾಲಿಕ ಪಾಲನೆಯ ವಿಷಯವನ್ನೂ ಹತ್ತು ನಿಮಿಷ ತಿಳಿಸಿದರೆ ಒಳ್ಳೆಯದು.

ಕಾವಲಿಗೆ ನಾಯಿ ಬೇಕೆನ್ನುವ ರೈತರು ಹಣ ಕೊಟ್ಟು ಶೀತದೇಶದ ತಳಿಯನ್ನು ಕೊಳ್ಳಬೇಕಾಗಿಲ್ಲ. ಅಳದಂಗಡಿಯ ಹವೆಗೆ ಒಗ್ಗಿದ ಊರ ನಾಯಿಯ ಹೆಣ್ಣುಮರಿಯೊಂದನ್ನು ತಂದು, ಲಸಿಕೆ ಹಾಕಿಸಿ, ಸಂತಾನಹರಣ ಮಾಡಿಸಿ ಸಾಕಿದರೆ ಕಾವಲೂ ಆಗುತ್ತದೆ, ಬೀದಿಗೆ ಬೀಳಲಿದ್ದ ಒಂದು ಜೀವವೂ ಉಳಿಯುತ್ತದೆ. ಪೇಟೆಯ ನಾಯಿಯನ್ನು ಕಳಿಸುತ್ತೇನೆಂದು ಯಾರಾದರೂ ಫೋನು ಮಾಡಿದರೆ, "ತರಬಹುದು, ಲಸಿಕೆಯ ಕಾರ್ಡು ಸಮೇತ ತನ್ನಿ, ನಾಲ್ಕು ವಾರದ ಖರ್ಚು ಕೊಡಿ, ಆಮೇಲೆ ಅದಕ್ಕೆ ತಕ್ಕ ಮನೆ ಎಲ್ಲಿದೆಯೆಂದು ಒಟ್ಟಿಗೆ ನೋಡುವ" ಎಂದು ರೈತರು ಉತ್ತರ ಕೊಡಲಿ. ಆಗ ನಾಯಿಗೂ ಸರಿಯಾದ ನೆಲೆ ಸಿಗುತ್ತದೆ, ಮನೆಯ ಮಕ್ಕಳಿಗೂ ಕ್ಷೇಮ.